ಕಿವಿಯಣ್ಣ ತೆಗೆದಿಟ್ಟ ಸದ್ದು

ನಮ್ಮಣ್ಣನನ್ನು ಬೀದಿಯವರೆಲ್ಲ ಕಿವಿಯಣ್ಣ ಅಂತಲೇ ಕರೆಯುತ್ತಿದ್ದರು. ಪಕ್ಕದ ಮನೆಯ ಫ್ಯಾನು ಇನ್ನೆಷ್ಟು ದಿನ ಬಾಳುತ್ತದೆ ಎಂದು ಗೋಡೆಯಾಚೆಯಿಂದಲೇ ಹೇಳುವ ಆಸಾಮಿ. ಅತ್ತಿಗೆ ಕರೆದದ್ದು ಮಾತ್ರ ಆ ಕಿವಿಗೆ ಬೀಳುತ್ತಿರಲಿಲ್ಲ. ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ಅವನ ಕಸುಬು. ಗಿರಾಕಿಗಳ ಜೊತೆ ಮಾತು, ಚೀಟಿ ಅಂಟಿಸುವುದು ನನ್ನ ಪಾಲಿಗೆ.

ಕ್ಯಾಸೆಟ್ಟಿನಿಂದ ಇಳಿದ ಫೈಲು ಆನೆಗಾತ್ರದ್ದು, ಕುಗ್ಗಿಸದೆ ಕೊಡುವಂತಿಲ್ಲ. ಬೇರೆ ಅಂಗಡಿಯವರು ಚಿತ್ರ, ಸದ್ದು ಎರಡನ್ನೂ ಒಟ್ಟಿಗೇ ಕುಗ್ಗಿಸಿ ಕೈತೊಳೆದುಕೊಳ್ಳುತ್ತಿದ್ದರು. ಹಾಗೆ ಮಾಡಿದರೆ ಕೊನೆಕೊನೆಗೆ ತುಟಿ ಒಂದು ಕಡೆ, ಮಾತು ಒಂದು ಕಡೆ ಎಂದು ಅಣ್ಣನ ತಕರಾರು. ಅವನು ಮೊದಲು ಸದ್ದನ್ನು ಬೇರೆ ಫೈಲಾಗಿ ಎತ್ತಿಕೊಂಡು, ಅದರೊಳಗಿನ ಗುಂಯ್‌ಗುಟ್ಟುವುದು, ಸರಸರ ಎಲ್ಲ ತೆಗೆದು, ಅದೊಂದನ್ನೇ ಕುಗ್ಗಿಸಿ ಆಮೇಲೆ ಚಿತ್ರಕ್ಕೆ ಜೋಡಿಸುತ್ತಿದ್ದ. ತೆಗೆದದ್ದನ್ನೂ ಎಸೆಯುತ್ತಿರಲಿಲ್ಲ. ಕಸದ ಜೊತೆ ಯಾರದಾದರೂ ಮಾತು ಹೋಯಿತೇ ಎಂದು ಅಲ್ಲಲ್ಲಿ ಕೇಳಿನೋಡಲು ಇನ್ನೊಂದು ಫೈಲಿನಲ್ಲಿಟ್ಟು, ತಿಂಗಳ ಕೊನೆಗೆ ಅಳಿಸುತ್ತಿದ್ದ.

ಗಂಡನನ್ನು ಕಳೆದುಕೊಂಡ ಟೀಚರಮ್ಮ ಮೂರು ಕ್ಯಾಸೆಟ್ಟು ತಂದರು. ಮೂರಕ್ಕೂ ಬೂಷ್ಟು ಹಿಡಿದಿತ್ತು. ಒಂದು ಸಲ ಓಡಿದರೇ ಹೆಚ್ಚು ಎಂದು ಮೊದಲೇ ಹೇಳಿದ್ದೆವು. ಹಾಗೇ ಆಯಿತು, ಒಂದು ಸಲ ಓಡಿದ ಮೇಲೆ ರೀಲು ಪುಡಿಪುಡಿಯಾಗಿ ಉದುರಿತು. ಆದರೂ ಅವರ ಮಗಳು ಚಿಕ್ಕವಳಿದ್ದಾಗ ಹಾಡಿದ್ದು ಎದುರಿಗೇ ಕೂತು ಹಾಡಿದಷ್ಟು ಚೆನ್ನಾಗಿ ಬಂದಿತ್ತು. ಅಣ್ಣ ಆ ದಿನವೆಲ್ಲ ಬೀಗುತ್ತಿದ್ದ.

ವಾರದೊಳಗೆ ಟೀಚರಮ್ಮ ವಾಪಸು ಬಂದರು. ನಾನು ಕೊಟ್ಟ ನೀರನ್ನು ಮುಟ್ಟಲಿಲ್ಲ.

“ನಮ್ಮ ಯಜಮಾನ್ರನ್ನ ಏನ್ಮಾಡಿದ್ರಿ?” ಎಂದು ಕೇಳಿದರು.

ಅವರು ಯಾವ ಚಿತ್ರದಲ್ಲೂ ಇರಲಿಲ್ಲ ಎಂದು ಅಣ್ಣ ತಡವರಿಸಿದ.

“ಹೇಗಿರ್ತಾರೆ? ಕ್ಯಾಮೆರಾ ಹಿಡಿದಿದ್ದೇ ಅವ್ರು. ಅವ್ರ ಉಸಿರು ಇತ್ತಲ್ಲ, ಅದೆಲ್ಲಿ?”

ಅಣ್ಣನ ಮುಖ ಬಿಳಿಚಿತು. ಮೈಕಿನ ಪಕ್ಕದಲ್ಲೇ ಇದ್ದ ಆ ಉಸಿರನ್ನು ಅವನು ಸರಸರ ಎಂದುಕೊಂಡು ಗುಡಿಸಿಹಾಕಿದ್ದ. ಪುಣ್ಯಕ್ಕೆ ತಿಂಗಳು ಮುಗಿದಿರಲಿಲ್ಲ. ತೆಗೆದಿಟ್ಟ ಫೈಲನ್ನು ಹುಡುಕಿ, ಅದೊಂದನ್ನೇ ಚಿತ್ರದ ಜೊತೆ ಓಡಿಸಿದ.

ಪರದೆಯ ಮೇಲೆ ಹುಡುಗಿ ಬಾಯಿ ತೆರೆದಳು. ಹಾಡು ಬರಲಿಲ್ಲ. ಬಂದದ್ದು ಒಬ್ಬ ಗಂಡಸಿನ ಉಸಿರು, ನನ್ನ ಬೆನ್ನ ಹಿಂದೆ ನಿಂತು ಬಿಟ್ಟಂತೆ. ಹಾಡುಹಗಲಲ್ಲೇ ಮೈ ಜುಮ್ಮೆಂದು ತಿರುಗಿ ನೋಡಿದೆ. ಅಂಗಡಿಯಲ್ಲಿ ಒಬ್ಬಳೇ ಇದ್ದರೆ ಇವತ್ತಿಗೂ ನನಗೆ ಭಯ.

ಟೀಚರಮ್ಮ ಮಾತ್ರ ಕಣ್ಣು ಮುಚ್ಚಿ ನಗುತ್ತಿದ್ದರು. ಮೆಟ್ಟಿಲು ಹತ್ತಿ ಬಂದರೆ ಹೀಗೇ ಉಸಿರು ಬಿಡುತ್ತಿದ್ದರು ಎಂದರು. ಎರಡು ಕ್ಯಾಸೆಟ್ಟು ಹಾಗೇ ಕಳೆಯಿತು. ಮೂರನೆಯದರಲ್ಲಿ ಉಸಿರಿನೊಳಗೆ ಸಣ್ಣ ಸೀಟಿ ಕೇಳಿಸಿತು. ಹುಡುಗಿ ಹಾಡಲು ಶುರುಮಾಡಿದ ಕೂಡಲೇ ಉಸಿರು ನಿಂತೇ ಹೋಯಿತು. ಬಹಳ ಹೊತ್ತು ಏನೂ ಇಲ್ಲ. ಅವಳ ಬಾಯಿ ಮುಚ್ಚಿದ ಮೇಲೆ ಮುಳುಗಿ ಎದ್ದವರ ಹಾಗೆ ಏದುಸಿರು. ಮುಂದಿನ ಹಾಡಿಗೂ ಅದೇ.

ತನ್ನ ಕೈತಪ್ಪಿನಿಂದ ನಡುವೆ ಉಸಿರು ಹಾರಿಹೋಗಿರಬೇಕು ಎಂದು ಅಣ್ಣ ಕ್ಷಮೆ ಕೇಳಲು ಹೊರಟ. ಟೀಚರಮ್ಮ ಕೈಯೆತ್ತಿ ತಡೆದರು. ಅವರ ನಗು ಹೋಗಿತ್ತು.

“ಹಾರಿಲ್ಲ ಬಿಡಿ. ಕೆಮ್ಮು ತಡ್ಕೊಂಡಿದ್ದಾರೆ. ಅವಳು ಹಾಡೋವಾಗ ಕೆಮ್ಮಬೇಡಿ, ರೆಕಾರ್ಡ್ ಆಗತ್ತೆ ಅಂತ ಗದರಿದ್ದು ನಾನೇ.”

ಎಷ್ಟು ದಿನದಿಂದ ಕೆಮ್ಮು ಎಂದು, ಮರುವರ್ಷ ಯಜಮಾನರನ್ನು ಸೇರಿಸಿದ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದರಂತೆ. ಮೊನ್ನೆಮೊನ್ನೆಯವರೆಗೆ ಇವರಿಗೆ ಕೆಮ್ಮೇ ಇರಲಿಲ್ಲ ಎಂದು ಟೀಚರಮ್ಮ ಅಡ್ಡಬಾಯಿ ಹಾಕಿ ಹೇಳಿದ್ದರಂತೆ. ಯಜಮಾನರು ಹೌದೆಂದು ತಲೆಯಾಡಿಸಿದ್ದರಂತೆ.

ನನಗೆ ಅಳು ತಡೆಯಲಾಗಲಿಲ್ಲ. ಉಸಿರನ್ನು ಮತ್ತೆ ಹಾಡಿಗೆ ಸೇರಿಸಿಕೊಡಲೇ ಎಂದು ಅಣ್ಣ ಮೆಲ್ಲಗೆ ಕೇಳಿದ.

“ಮೊದಲೆರಡಕ್ಕೆ ಸೇರಿಸಿ. ಮೂರನೇದಕ್ಕೆ ಬೇಡ. ಮಗಳಿಗೆ ಹಾಡು ಸಾಕು, ಇದು ನನಗೊಬ್ಬಳಿಗೇ ಇರಲಿ.”

ಅಣ್ಣ ಆ ಉಸಿರಿನ ಫೈಲನ್ನು ಕುಗ್ಗಿಸದೆ ಹಾಗೇ ಕೊಟ್ಟ.