ಪದವು ಖಾಲಿ ಇಲ್ಲ ಎಂದವರು

ಮೊನ್ನೆ ಕಾರ್ಕಳದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮೋಟಾರ್ ರಿವೈಂಡಿಂಗ್ ಮಾಡುವ ಅಂಗಡಿಗೆ ಹೋಗಿದ್ದೆ. ಮನೆಯ ಬಾವಿಯ ಪಂಪು ಕೈಕೊಟ್ಟಿತ್ತು. ಊರಿಗೆಲ್ಲ ಕರೆಂಟ್ ಕೊಡುವ ಸೆಕ್ಷನ್ ಆಫೀಸಿನ ಇಂಜಿನಿಯರ್ ಸೊಸೆ ಇರುವ ಮನೆಯಲ್ಲೇ ನೀರಿಲ್ಲ ಎಂದು ಅತ್ತೆ ನೆರೆಕರೆಯವರಿಗೆಲ್ಲ ಹೇಳಿ ನಗುತ್ತಿದ್ದರು. ಅಂಗಡಿಯೊಳಗೆ ಕಾಲಿಟ್ಟದ್ದೇ ತಡ, ಬಿಸಿ ವಾರ್ನಿಷಿನ ವಾಸನೆ ಮೂಗಿಗೆ ಬಡಿಯಿತು. ತಾಮ್ರದ ತಂತಿಗೆ ಬಳಿದು ಒಣಗಲು ಇಟ್ಟ ವಾರ್ನಿಷ್. ತಲೆನೋವು ಬರಿಸುವ, ಆದರೂ ಇನ್ನೊಮ್ಮೆ ಮೂಸಬೇಕೆನಿಸುವ ವಾಸನೆ ಅದು. ನಮ್ಮ ಕಾಲೇಜಿನ ಮೆಶಿನ್ ಲ್ಯಾಬಿನಲ್ಲಿ ಮಧ್ಯಾಹ್ನವೆಲ್ಲ ಇದೇ ವಾಸನೆ. ಅದರ ನಡುವೆ ಒಂದು ಮರದ ಸ್ಟೂಲು, ಸ್ಟೂಲಿನ ಮೇಲೆ ನಮ್ಮ ಸರ್...

ನಮ್ಮದು ಮಣಿಪಾಲದ ದೊಡ್ಡ ಕಾಲೇಜಲ್ಲ. ಪರ್ಕಳದಿಂದ ಒಳರಸ್ತೆ ಹಿಡಿದು ಹೋದರೆ ಸಿಗುತ್ತಿದ್ದ ಸಣ್ಣ ಕಾಲೇಜು. ಮದುವೆಮನೆಗಳಲ್ಲಿ ಯಾರಾದರೂ ಎಲ್ಲಿ ಓದುವುದು ಎಂದು ಕೇಳಿದರೆ "ಮಣಿಪಾಲದ ಹತ್ತಿರ" ಎಂದು ಹೇಳಿ ನಾವು ಮಾತು ಬದಲಿಸುತ್ತಿದ್ದೆವು. ಎಲೆಕ್ಟ್ರಿಕಲ್ ನನಗೆ ಸಿಕ್ಕಿದ್ದೂ ಆಸೆಪಟ್ಟು ಅಲ್ಲ. ಕೌನ್ಸೆಲಿಂಗಿನಲ್ಲಿ ಕಂಪ್ಯೂಟರ್ ಸೈನ್ಸ್ ಮುಗಿದು, ಎಲೆಕ್ಟ್ರಾನಿಕ್ಸ್ ಮುಗಿದು, ಉಳಿದದ್ದು ನನ್ನ ಪಾಲಿಗೆ ಬಂತು. ಕಾಪುವಿನಲ್ಲಿ ಮೀನು ಮಾರುತ್ತಿದ್ದ ಅಮ್ಮ "ಕಂಬ ಹತ್ತುವ ಕೆಲಸವಾ ಮಗಾ?" ಎಂದು ಕೇಳಿದ್ದಳು. ಹುಡುಗಿಯರು ಕಂಬ ಹತ್ತಬೇಕಾಗಿಲ್ಲ ಎಂದು ಅವಳಿಗೆ ಸಮಾಧಾನ ಹೇಳುವಷ್ಟರಲ್ಲಿ ಮೊದಲ ಸೆಮಿಸ್ಟರ್ ಮುಗಿದಿತ್ತು.

ಸರ್ ನಮಗೆ ಕಲಿಸುತ್ತಿದ್ದದ್ದು ಪವರ್ ಟ್ರಾನ್ಸ್‌ಮಿಷನ್. ಒಳ್ಳೆಯ ಮಾತುಗಾರರೇನಲ್ಲ. ಬೋರ್ಡಿಗೆ ಮುಖ ಮಾಡಿ ಗೊಣಗುತ್ತಿದ್ದರು. ಇಂಟರ್ನಲ್ ಮಾರ್ಕು ಕೊಡುವಾಗ ಕೈ ಬಹಳ ಬಿಗಿ. ಹಿಂದಿನ ಬೆಂಚಿನವರು ಹಾಯಾಗಿ ನಿದ್ದೆ ಮಾಡುತ್ತಿದ್ದರು. ಕೆಲವೊಮ್ಮೆ ಸರ್ ಅವರಿಗೇ ನಿದ್ದೆ ಬರುತ್ತಿದೆಯೇನೋ ಎಂದು ನನಗೆ ಅನಿಸುತ್ತಿತ್ತು. ಅವರದೇನು ತಪ್ಪು? ಕ್ಯಾಂಪಸ್ಸಿಗೆ ಬಂದ ಕಂಪೆನಿಗಳೆಲ್ಲ ಕೋಡಿಂಗ್ ಕೇಳುತ್ತಿದ್ದವು. ಟ್ರಾನ್ಸ್‌ಫಾರ್ಮರಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದವರಿಲ್ಲ. ನಾಲ್ಕು ವರ್ಷ ಒಂದನ್ನು ಕಲಿಸಿ, ಕೊನೆಗೆ ಮಕ್ಕಳು ಇನ್ನೊಂದಕ್ಕೆ ಹೋಗುವುದನ್ನು ನೋಡುತ್ತ ನೋಡುತ್ತ ಆ ಮನುಷ್ಯ ದಣಿದಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರು ಸ್ವಲ್ಪವೂ ಸಡಿಲ ಬಿಡುತ್ತಿರಲಿಲ್ಲ. ಆರನೇ ಸೆಮಿಸ್ಟರಿನಲ್ಲಿ ಹೈಟೆನ್ಶನ್ ಲೈನಿಗೆ ದಾರಿ ಗುರುತಿಸುವ ಒಂದು ಪ್ರಾಜೆಕ್ಟ್ ಇತ್ತು. ಬೇರೆ ಕಾಲೇಜಿನವರು ನಕ್ಷೆಯ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದು, ಟವರಿನ ಲೆಕ್ಕ ಮಾಡಿ ಕೈತೊಳೆದುಕೊಳ್ಳುತ್ತಿದ್ದರು. ಸರ್ ಕ್ರಮವೇ ಬೇರೆ. ಗೆರೆ ಹೋಗುವ ದಾರಿಯನ್ನು ನಾವು ನಡೆಯಬೇಕು; ಸಿಕ್ಕ ಪ್ರತಿ ಮನೆಯ ಹೆಸರು, ಪ್ರತಿ ಗದ್ದೆಯ ಹೆಸರು ಕೇಳಿ ನಕ್ಷೆಯಲ್ಲಿ ಬರೆಯಬೇಕು. ನಮ್ಮ ಕಡೆ ಮನೆಗೊಂದು ಹೆಸರಿರುತ್ತದೆ, ಗದ್ದೆಗೂ ಇರುತ್ತದೆ. ಜನರನ್ನು ಗುರುತಿಸುವುದೂ ಆ ಹೆಸರಿನಿಂದಲೇ. ಬರೀ ಸರ್ವೆ ನಂಬರು ಬರೆದು ತಂದರೆ ಹಾಳೆ ವಾಪಸ್. ಬಿಸಿಲಿನಲ್ಲಿ ಅಲೆದು ಸಾಕಾಗಿ ನಾನೊಮ್ಮೆ "ಹೆಸರಿನಿಂದ ಲೈನಿಗೆ ಎಂತ ಆಗಬೇಕು ಸರ್?" ಎಂದು ಸಿಡುಕಿದ್ದೆ. ಅವರು ತಲೆ ಎತ್ತದೆ, "ಹೆಸರು ಗೊತ್ತಿಲ್ಲದವರ ಅಂಗಳಕ್ಕೆ ನೀನು ಹೋಗಿ ನಿಲ್ತೀಯಾ ಮಾರಾಯ್ತಿ? ಮತ್ತೆ ಟವರ್ ಯಾಕೆ ಹೋಗಿ ನಿಲ್ಲಬೇಕು?" ಎಂದಿದ್ದರು.

ನಾವು ಆ ಪ್ರಾಜೆಕ್ಟ್ ಮಾಡುತ್ತಿದ್ದ ವರ್ಷವೇ ಸರ್ ಊರಿಗೆ ನಿಜವಾದ ಲೈನು ಬಂತು. ಶಿರ್ವದಿಂದ ಒಳಗೆ ಅವರ ಊರು. ತೆಂಗು, ಗದ್ದೆ, ಮಲ್ಲಿಗೆ ತೋಟ. ಲೈನಿನ ಅಡಿಯಲ್ಲಿ ತೆಂಗು ಉಳಿಯುವುದಿಲ್ಲ, ಕಡಿಯಬೇಕು. ಟವರು ಬಿದ್ದಲ್ಲಿ ಮಲ್ಲಿಗೆಯೂ ಹೋಗುತ್ತದೆ. ಗಲ್ಫಿನಲ್ಲಿ ದುಡಿದು ಕಟ್ಟಿದ ಮನೆಗಳ ಎದುರಿಗೇ ತಂತಿ ಹಾಯುತ್ತದೆ. ಊರು ಎದ್ದು ನಿಂತಿತು. ಲೈನನ್ನು ಪದವಿನ ಕಡೆಗೆ ತಿರುಗಿಸಬೇಕು ಎಂಬುದು ಎಲ್ಲರ ಬೇಡಿಕೆ. ಪದವು ಎಂದರೆ ಊರಾಚೆಯ ಕೆಂಪು ಮುರಕಲ್ಲಿನ ಬೋಳು ಎತ್ತರ, ಸರಕಾರಿ ಜಾಗ. ಸರ್ ಪಕ್ಕದ ಮನೆಯ ಯಜಮಾನರೇ ಹೋರಾಟ ಸಮಿತಿಯ ಮುಂದಾಳು. ಅವರದು ಊರಿನಲ್ಲೇ ದೊಡ್ಡ ಮಲ್ಲಿಗೆ ತೋಟ. "ನಮ್ಮೂರಿನವರೇ ಲೈನಿನ ಪ್ರೊಫೆಸರ್ ಇರುವಾಗ ನಮಗೆ ಎಂತ ಹೆದರಿಕೆ?" ಎಂದು ಅವರು ಊರಿಗೆಲ್ಲ ಧೈರ್ಯ ತುಂಬಿದ್ದರು. ತಹಶೀಲ್ದಾರರು ಸಭೆ ಕರೆದಿದ್ದಾರೆ, ಪದವಿನ ದಾರಿಯೇ ಸರಿ ಎಂದು ಸರ್ ಅಲ್ಲಿ ಎದ್ದು ಹೇಳಿದರೆ ಸಾಕು, ಊರು ಗೆದ್ದ ಹಾಗೆ.

ಸರ್ ಒಪ್ಪಿದರು. ಆದರೆ ತನ್ನ ಕ್ರಮ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ನಮ್ಮನ್ನು ಕರೆದುಕೊಂಡು ಪದವು ಹತ್ತಿದರು. ನಕ್ಷೆಯಲ್ಲಿ ಅಲ್ಲಿ ಏನೂ ಇರಲಿಲ್ಲ, ಬಿಳಿ ಜಾಗ. ಹತ್ತಿ ನೋಡಿದರೆ ಸಾಲಾಗಿ ಶೀಟಿನ ಮಾಡಿನ ಮನೆಗಳು, ಒಣಗಲು ಹಾಕಿದ ಬಟ್ಟೆ, ಒಂದು ಬೋರ್‌ವೆಲ್, ಜಗಲಿಗಳಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸರು. ಜಾಗವಿಲ್ಲದವರು ಐದೈದು ಸೆಂಟ್ಸಿನಲ್ಲಿ ಮನೆ ಕಟ್ಟಿಕೊಂಡ ಕಾಲೊನಿ ಅದು. ಎಷ್ಟೋ ಮನೆಗಳಿಗೆ ಹಕ್ಕುಪತ್ರವೇ ಬಂದಿರಲಿಲ್ಲವಂತೆ. ಹಾಗಾಗಿ ನಕ್ಷೆಯಲ್ಲೂ ಇರಲಿಲ್ಲ. ನಾನು ಪೆನ್ಸಿಲ್ ಹಿಡಿದು ಒಬ್ಬ ಹೆಂಗಸಿನ ಹತ್ತಿರ ಮನೆಯ ಹೆಸರು ಕೇಳಿದೆ. ಅವಳು ಬೀಡಿಯ ಮೊರದಿಂದ ತಲೆ ಎತ್ತಿ ನಕ್ಕಳು. "ಇದಕ್ಕೆ ಎಂತ ಹೆಸರು? ಕಾಲೊನಿ ಅಂತ ಬರೆಯಿರಿ." ನಾನು ಸರ್ ಮುಖ ನೋಡಿದೆ. ಅವರು ಬಹಳ ಹೊತ್ತು ಮುರಕಲ್ಲಿನ ಮೇಲೆ ಕೂತೇ ಇದ್ದರು.

ಪಂಚಾಯತ್ ಹಾಲಿನ ಸಭೆಗೆ ನಾವು ಐದಾರು ಮಂದಿ ಹೋಗಿದ್ದೆವು. ಸರ್ ಎದ್ದು ನಿಂತಾಗ ಊರವರು ಚಪ್ಪಾಳೆ ಹೊಡೆದರು. ಕ್ಲಾಸಿನಲ್ಲಿ ಗೊಣಗುವ ಅದೇ ಧ್ವನಿಯಲ್ಲಿ ಅವರು ಹೇಳಿದ್ದು ಇಷ್ಟು: "ಪದವು ಖಾಲಿ ಇಲ್ಲ. ನಾನು ನಡೆದು ನೋಡಿದ್ದೇನೆ. ಈ ಕಡೆ ಬಂದರೆ ನಮ್ಮ ತೆಂಗು ಹೋಗ್ತದೆ, ಮಲ್ಲಿಗೆ ಹೋಗ್ತದೆ. ನನ್ನದೂ ಹೋಗ್ತದೆ. ಆ ಕಡೆ ತಿರುಗಿಸಿದರೆ ಜನರು ಕೂತ ಮನೆಗಳೇ ಹೋಗ್ತವೆ. ಲೈನೇ ಬೇಡ ಅಂತ ಹೇಳುವುದಾದರೆ ನಾನು ನಿಮ್ಮೊಟ್ಟಿಗೆ ಇದ್ದೇನೆ. ಅಲ್ಲಿ ಹಾಕಿ ಅಂತ ಮಾತ್ರ ನನ್ನಿಂದ ಹೇಳಲಿಕ್ಕೆ ಆಗುವುದಿಲ್ಲ." ಆಮೇಲೆ ಹಿಂದಿನಿಂದ ಯಾರೋ ತುಳುವಿನಲ್ಲಿ, ಮಾಸ್ಟ್ರಿಗೆ ಎಷ್ಟು ಸಿಕ್ಕಿತು ಎಂದು ಕೂಗಿದರು. ಜನ ನಕ್ಕರು. ಸರ್ ಕೂತುಬಿಟ್ಟರು.

ಲೈನು ತಿರುಗಲಿಲ್ಲ, ಊರೊಳಗಿನಿಂದಲೇ ಹೋಯಿತು. ತೆಂಗು ಉರುಳಿದವು, ಸರ್ ತೋಟದ್ದೂ ಸೇರಿ. ಲೈನು ಎಳೆಯುವ ಕಂಪೆನಿಯಿಂದ ಅವರಿಗೆ ಏನೋ ಸಿಕ್ಕಿದೆ ಎಂಬ ಮಾತು ಮಾತ್ರ ಊರಿನಲ್ಲಿ ಬೇರುಬಿಟ್ಟಿತು. ಯಾರೂ ಜಗಳಕ್ಕೆ ಬರಲಿಲ್ಲ. ನಮ್ಮ ಕಡೆಯವರು ಮುಖಕ್ಕೆ ಹೊಡೆದ ಹಾಗೆ ಮಾತಾಡುವುದು ಕಡಿಮೆ. ಮನೆಗೆ ಬಂದು ಕರೆಯುವ ಹೇಳಿಕೆ ನಿಂತಿತು, ಅಷ್ಟೆ. ಇಲ್ಲಿ ಮದುವೆಗೆ ಕರೆಯುವುದೆಂದರೆ ಮನೆಗೆ ಬಂದು, ಜಗಲಿಯಲ್ಲಿ ಕೂತು, ನೀರು ಬೆಲ್ಲ ತೆಗೆದುಕೊಂಡು ಬಾಯಿಯಿಂದ ಹೇಳಬೇಕು. ಕಾರ್ಡು ಅದರ ಮೇಲಿನ ಅಲಂಕಾರ. ಸರ್ ಮನೆಗೆ ಬರಬೇಕಾದ ಕಾರ್ಡುಗಳು ಕಾಲೇಜಿನ ಆಫೀಸಿಗೆ ಬರತೊಡಗಿದವು. ಪ್ಯೂನ್ ತಂದು ಟೇಬಲ್ ಮೇಲಿಟ್ಟು ಹೋಗುತ್ತಿದ್ದ. ಸರ್ ಒಂದೊಂದನ್ನೇ ಬಿಡಿಸಿ ಓದಿ ಡ್ರಾಯರಿನಲ್ಲಿ ಇಡುತ್ತಿದ್ದರು. ಮೈಮೇಲೆ ಕಲ್ಲು ಬಿದ್ದರೂ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಮರುವರ್ಷ ಅವರ ಮಗಳ ಮದುವೆ. ಸರ್ ಮತ್ತು ಅವರ ಹೆಂಡತಿ, ನಾವು ಆಂಟಿ ಎನ್ನುತ್ತಿದ್ದವರು, ಊರಿನ ಒಂದು ಮನೆಯನ್ನೂ ಬಿಡದೆ ಹೇಳಿಕೆಗೆ ಹೋದರು. ಪಕ್ಕದ ಮನೆಯ ಯಜಮಾನರ ಜಗಲಿಯಲ್ಲೂ ಕೂತು ಬಂದರು. ಅಲ್ಲಿ ಕುಡಿಯಲು ಆಸರಿಗೆ ಬೇಕಾ ಎಂದು ಸಹ ಯಾರೂ ಕೇಳಲಿಲ್ಲವಂತೆ. ಬಿಸಿಲಲ್ಲಿ ನಡೆದು ಬಂದವರಿಗೆ ಒಂದು ಲೋಟ ನೀರು ಕೊಡದ ಮನೆ ನಮ್ಮ ಕಡೆ ಉಂಟೇ! ಇದನ್ನು ನನಗೆ ಹೇಳಿದ್ದು ಆಂಟಿ.

ಮದುವೆಯ ಮುನ್ನಾದಿನ ಮಧ್ಯಾಹ್ನ ನಾವು ವಿದ್ಯಾರ್ಥಿಗಳು ಅವರ ಮನೆಗೆ ಹೋದೆವು. ಈಗ ಅಡುಗೆಯೆಲ್ಲ ಕೇಟರಿಂಗಿನವರದ್ದೇ, ಆದರೂ ನೆರೆಕರೆಯವರು ಬಂದು ತರಕಾರಿ ಹಚ್ಚುವ ಕ್ರಮ ಉಳಿದಿದೆ. ಚಪ್ಪರದ ಕೆಳಗೆ ಸರ್ ಚಾಪೆಗಳನ್ನು ಹಾಸಿಟ್ಟಿದ್ದರು. ಸೌತೆಕಾಯಿ, ಕುಂಬಳಕಾಯಿಯ ರಾಶಿ. ದೊಡ್ಡ ಪಾತ್ರೆಯಲ್ಲಿ ಚಹಾ, ಬುಟ್ಟಿ ತುಂಬ ಕರಿದ ಅಂಬಡೆ. ಮೂರು ಗಂಟೆಯಾಯಿತು, ನಾಲ್ಕಾಯಿತು. ಕಾರ್ಕಳದಿಂದ ಬಂದ ಅವರ ತಂಗಿಯ ಮನೆಯವರನ್ನು ಬಿಟ್ಟರೆ ಒಬ್ಬರೂ ಇಲ್ಲ. ಸರ್ ಗೇಟಿನ ತನಕ ಹೋಗುವುದು, ಮೊಬೈಲ್ ನೋಡಿದ ಹಾಗೆ ಮಾಡುವುದು, ವಾಪಸ್ ಬರುವುದು. ಪದವಿನ ಕಾಲೊನಿಯವರಾದರೂ ಬಂದಾರೇ ಎಂದು ನಾನು ರಸ್ತೆ ನೋಡಿದೆ. ಅವರು ಹೇಗೆ ಬರುತ್ತಾರೆ? ತಮ್ಮ ಪರವಾಗಿ ಒಬ್ಬರು ಮಾತಾಡಿದ್ದಾರೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಸಭೆಗೆ ಅವರನ್ನು ಯಾರೂ ಕರೆದಿರಲಿಲ್ಲವಲ್ಲ.

ಕೊನೆಗೆ ನಾವೇ ಕೂತೆವು. ನಮ್ಮ ಹುಡುಗರಲ್ಲಿ ಒಬ್ಬನಿಗೂ ಮೆಟ್ಟುಕತ್ತಿಯ ಮಣೆಯ ಮೇಲೆ ಕೂರಲು ಬರುತ್ತಿರಲಿಲ್ಲ. ಬಂಗುಡೆ ಕೊಯ್ದು ಪಳಗಿದ ಕೈ ನನ್ನದು; ಕುಂಬಳಕಾಯಿಯ ಮೇಲೂ ಹಾಗೆಯೇ ನಡೆಯಿತು. ಸರ್ ನನ್ನೆದುರು ಕೂತು ಸೌತೆಯ ಬೀಜ ತೆಗೆಯುತ್ತಿದ್ದರು. ಸುಮ್ಮನಿರಲಾಗದೆ ನಾನು ಕೇಳಿಯೇಬಿಟ್ಟೆ, "ಆ ದಿನ ಸುಮ್ಮನೆ ಮನೆಯಲ್ಲಿ ಇರಬಹುದಿತ್ತಲ್ಲ ಸರ್? ಹುಷಾರಿಲ್ಲ ಅಂತ ಹೇಳಿದರೆ ಆಗ್ತಿತ್ತು." ಅವರು ಇನ್ನೊಂದು ಸೌತೆ ಕೈಗೆತ್ತಿಕೊಂಡರು. "ಆಗ್ತಿತ್ತು," ಎಂದರು. "ಆದರೆ ಮತ್ತೆ ಕ್ಲಾಸಿಗೆ ಬಂದು ನಿಮಗೆ ಎಂತ ಕಲಿಸುವುದು?" ಹಾಗೆ ಹೇಳಿ ನಗಲು ನೋಡಿದರು, ಆಗಲಿಲ್ಲ. ಎದ್ದು ಒಳಗೆ ಹೋದವರು ತುಂಬಾ ಹೊತ್ತು ಹೊರಗೆ ಬರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಸಂಜೆ ಹೊತ್ತು ಆಗಾಗ ಅವರ ಜಗಲಿಗೆ ಹೋಗಿ ಕೂರುವುದು ನನಗೆ ರೂಢಿಯಾಯಿತು. ಕೆಲಸಕ್ಕೆ ಸೇರಿದ ಮೇಲಂತೂ ಇನ್ನೂ ಹೆಚ್ಚು. ಕರೆಂಟ್ ಹೋದರೆ ನನ್ನನ್ನು ಬೈಯುವವರು, ಕಂಬ ಹಾಕಲು ಹೋದರೆ ಅಡ್ಡ ನಿಲ್ಲುವವರು, ಎರಡೂ ಅದೇ ಜನ. ನಾನು ಬೈದುಕೊಳ್ಳುತ್ತಿದ್ದೆ, ಸರ್ ಕೇಳುತ್ತಿದ್ದರು. ಅಷ್ಟರಲ್ಲಿ ಕಾಲೇಜಿನಲ್ಲಿ ಎಲೆಕ್ಟ್ರಿಕಲಿಗೆ ಮಕ್ಕಳೇ ಸೇರದೆ ವಿಭಾಗ ಮುಚ್ಚಿತು. ಲ್ಯಾಬಿನ ಮೋಟಾರುಗಳು ಗುಜರಿಗೆ ಹೋದವು, ಆ ಕೋಣೆಗೆ ಎಸಿ ಹಾಕಿ ಕಂಪ್ಯೂಟರ್ ಇಟ್ಟರು. ದೇಶಕ್ಕೆ ಎಷ್ಟು ವಿದ್ಯುತ್ ಬೇಕೆಂದು ದಿನಾ ಪೇಪರಿನಲ್ಲಿ ಬರುತ್ತದೆ. ಅದು ಯಾರ ಅಂಗಳ ದಾಟಿ ಬರಬೇಕೆಂದು ನಡೆದು ನೋಡಲು ಕಲಿಸುವವರು ಬೇಡವಾದರು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ನಾನು ಹೋಗುವಾಗ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾವಿಗೆ ಹೇಳಿಕೆ ಬೇಡವಲ್ಲ, ಇಡೀ ಊರೇ ಬಂದಿತ್ತು. ಪಕ್ಕದ ಮನೆಯ ಯಜಮಾನರು ಮುಂದೆ ನಿಂತು ಕಟ್ಟಿಗೆಯಿಂದ ಹಿಡಿದು ಎಲ್ಲವನ್ನೂ ನೋಡಿಕೊಂಡರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಎಲ್ಲ ಮುಗಿದ ಮೇಲೆ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, ಸ್ವರ ತಗ್ಗಿಸಿ ಕೇಳಿದರು: "ಒಳ್ಳೆಯ ಜನ ಮೇಡಂ. ಅಲ್ಲ, ಈಗ ಕೇಳಿದರೆ ಎಂತ ತೊಂದರೆ ಇಲ್ಲ ಅಲ್ವಾ? ಆಗ ಕಂಪೆನಿಯವರು ಅವರಿಗೆ ಎಂತ ಕೊಟ್ಟಿದ್ದರು?"

"ಏನೂ ಕೊಟ್ಟಿರಲಿಲ್ಲ," ಎಂದೆ.

ಅವರು ಬೇಸರಪಡಲಿಲ್ಲ. "ಹೌದು, ನೀವು ಅವರ ಸ್ಟೂಡೆಂಟ್ ಅಲ್ವಾ," ಎಂದು ತಲೆಯಾಡಿಸಿ ಹೋದರು.

ಬರುವ ವಾರ ನಮ್ಮ ಪಂಚಾಯತಿನಲ್ಲೊಂದು ಸಭೆ ಇದೆ. ಹೊಸ ಸಬ್‌ಸ್ಟೇಷನಿಗೆ ಹೋಗುವ ಲೈನು ನನ್ನ ಗಂಡನ ಊರನ್ನೇ ದಾಟಬೇಕು, ಸೆಕ್ಷನ್ ಇಂಜಿನಿಯರ್ ಆಗಿ ನಾನು ಮಾತಾಡಬೇಕು. ನಡೆದು ನೋಡಿ ಬಂದಿದ್ದೇನೆ. ಊರವರು ತೋರಿಸುವ ಇನ್ನೊಂದು ದಾರಿಯೂ ಖಾಲಿ ಇಲ್ಲ. ನಿನ್ನೆ ಅನ್ನ ಬಡಿಸುತ್ತ ಅತ್ತೆ, "ನೀನು ಅಲ್ಲಿ ಎಂತ ಹೇಳುವುದು? ನಾವು ಇಲ್ಲಿಯೇ ಇರಬೇಕಾದವರು ಅಲ್ವಾ" ಎಂದರು. ಹೆದರಿಸಲು ಹೇಳಿದ್ದಲ್ಲ, ಪಾಪ, ಹೆದರಿ ಹೇಳಿದ್ದು. ನಾನು ಉಂಡು ಎದ್ದೆ. ಹೇಳಬೇಕಾದದ್ದು ನನಗೆ ಗೊತ್ತಿದೆ, ಹೇಳುತ್ತೇನೆ. ಹೇಳಿ ಬಂದ ಸಂಜೆ ಹೋಗಿ ಸುಮ್ಮನೆ ಕೂರಲು ಶಿರ್ವದ ಕಡೆ ಒಂದು ಜಗಲಿ ಇತ್ತು. ಈಗ ಅಲ್ಲಿ ಸರ್ ಇಲ್ಲ.