ಹತ್ತನೆಯವರನ್ನು ಕರೆತಂದ ಸಂಜೆ

ಭಾನುವಾರ ಬಿಸಿಬೇಳೆಬಾತಿನ ಪುಡಿಗೆ ಲವಂಗ ಹುರಿಯುತ್ತಿದ್ದೆ. ಹೊರಗೆ ಕೊರೆಯುವ ಚಳಿ, ಕಿಟಕಿ ತೆರೆಯುವಂತಿರಲಿಲ್ಲ. ಐರ್ಲೆಂಡಿನ ಅತ್ಲೋನ್ ಊರಿನ ಈ ಪುಟ್ಟ ಮನೆಯೆಲ್ಲ ಘಮ ತುಂಬಿತು. ಮಗಳು ತನ್ನ ಐರಿಷ್ ರಾಗದ ಇಂಗ್ಲಿಷಿನಲ್ಲಿ ಗೊಣಗುತ್ತಾ, ಮೂಗು ಮುಚ್ಚಿಕೊಂಡು ಮಹಡಿ ಹತ್ತಿದಳು. ನಾನು ಬಾಣಲೆಯ ಮುಂದೆ ನಿಂತೇ ಇದ್ದೆ. ಡಬ್ಲಿನ್ನಿನ ನಮ್ಮ ಹಳೆಯ ಬಾಡಿಗೆ ಮನೆ, ಅದರ ಪಕ್ಕದ ಮನೆ, ಆ ಮನೆಯ ಅಜ್ಜಿ...

ಅವರದು ಯಹೂದಿ ಕುಟುಂಬ. ಮನೆಯಲ್ಲಿ ಅಜ್ಜಿ, ತಾತ ಇಬ್ಬರೇ. ಒಬ್ಬನೇ ಮಗ ಲಂಡನ್ನಿನಲ್ಲಿದ್ದ. ಶುಕ್ರವಾರ ಸಂಜೆ ಅಜ್ಜಿ ಮೇಣದ ಬತ್ತಿ ಹಚ್ಚಿದರೆಂದರೆ ಮುಗಿಯಿತು. ಶನಿವಾರ ಕತ್ತಲಾಗುವವರೆಗೆ ಅವರಿಗೆ ವಿಶ್ರಾಂತಿಯ ದಿನ, ಆ ಮನೆಯಲ್ಲಿ ಒಲೆ ಹೊತ್ತಿಸುತ್ತಿರಲಿಲ್ಲ, ದೀಪದ ಸ್ವಿಚ್ಚನ್ನೂ ಮುಟ್ಟುತ್ತಿರಲಿಲ್ಲ. ಎಂಥ ಮಳೆಗಾಳಿಯಿದ್ದರೂ ತಾತ ಟೋಪಿ ಒತ್ತಿ ಹಿಡಿದುಕೊಂಡು ಪ್ರಾರ್ಥನೆಗೆ ನಡೆದೇ ಹೋಗುತ್ತಿದ್ದರು.

ನಾವು ಹೋದ ಹೊಸದರಲ್ಲಿ ದೀಪಾವಳಿಗೆ ಒಂದು ತಟ್ಟೆ ಮೈಸೂರು ಪಾಕು ಒಯ್ದುಕೊಟ್ಟೆ. ಅಜ್ಜಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಸಂಕೋಚದಿಂದ, "ಬೇಜಾರು ಮಾಡ್ಕೋಬೇಡ ಕಂದಾ. ಬೇರೆ ಅಡುಗೆಮನೆಯಲ್ಲಿ ಮಾಡಿದ್ದು ನಮಗೆ ನಡೆಯಲ್ಲ" ಎಂದರು. ಬೇಜಾರೆಲ್ಲಿಂದ ಬರಬೇಕು? ಮಡಿಯುಟ್ಟು, ಪರರ ಮನೆಯಲ್ಲಿ ನೀರನ್ನೂ ಮುಟ್ಟದ ನಮ್ಮೂರಿನ ನನ್ನಜ್ಜಿಯ ಕೈಯಲ್ಲೇ ಬೆಳೆದವಳು ನಾನು. ನಮ್ಮಲ್ಲಿ ಮುಸುರೆ ಎಂದು ಬೇರೆ ಇಡುವಂತೆ ಅವರಲ್ಲಿ ಮಾಂಸಕ್ಕೊಂದು, ಹಾಲಿಗೊಂದು ಪಾತ್ರೆ. ಅಲ್ಲಿಂದ ಮುಂದೆ ಬೇಲಿಯ ಮೇಲಿಂದ ಹೆಚ್ಚದ ಇಡೀ ಹಣ್ಣುಗಳು ಮಾತ್ರ ಓಡಾಡಿದವು. ಮತ್ತೆ, ನಾನು ಊರಿಂದ ತಂದ ಲವಂಗ. ಅದನ್ನು ಅಜ್ಜಿ ಕೇಳಿಯೇ ಪಡೆಯುತ್ತಿದ್ದರು. ಶನಿವಾರ ಕತ್ತಲಾದ ಮೇಲೆ, ವಿಶ್ರಾಂತಿಯ ದಿನವನ್ನು ಕಳಿಸಿಕೊಡುವಾಗ, ಪುಟ್ಟ ಬೆಳ್ಳಿ ಡಬ್ಬಿಯಲ್ಲಿ ಲವಂಗವಿಟ್ಟು ಒಬ್ಬೊಬ್ಬರಾಗಿ ಮೂಸುತ್ತಿದ್ದರು. ಒಳ್ಳೆಯ ದಿನ ಹೊರಟುಹೋದಾಗ ಜೀವಕ್ಕೆ ಮಂಕು ಕವಿಯುತ್ತದೆ, ಅದಕ್ಕೆ ಈ ಸಮಾಧಾನ ಎಂದು ಅಜ್ಜಿ ಹೇಳಿದ್ದರು.

ಒಂದು ಚಳಿಗಾಲ ತಾತ ತೀರಿಕೊಂಡರು. ಮರುದಿನವೇ ಮಣ್ಣಾಯಿತು. ಅಷ್ಟರಲ್ಲಿ ಮಗ ಬಂದಿದ್ದ. ಕನ್ನಡಿಗಳಿಗೆ ಬಟ್ಟೆ ಹೊದಿಸಿ, ತಾಯಿ ಮಗ ತಗ್ಗು ಪೀಠಗಳ ಮೇಲೆ ಏಳು ದಿನದ ದುಃಖಕ್ಕೆ ಕುಳಿತರು. ದಿನಾ ಸಂಜೆ ಮನೆಯಲ್ಲೇ ಪ್ರಾರ್ಥನೆ. ತಂದೆಗಾಗಿ ಮಗ ಹೇಳಬೇಕಾದ ಮಂತ್ರವೊಂದಿತ್ತು. ಅದಕ್ಕೆ ಅವರದೇ ಧರ್ಮದ ಹತ್ತು ಗಂಡಸರು ಸೇರಿರಬೇಕು. ಮೊದಲೇ ಊರಿನಲ್ಲಿ ಅವರ ಜನ ಕಡಿಮೆ. ಹುಡುಗರೆಲ್ಲ ಲಂಡನ್, ಮ್ಯಾಂಚೆಸ್ಟರ್ ಎಂದು ಹೋಗಿಬಿಟ್ಟಿದ್ದರು. ಅಂಥದ್ದರಲ್ಲಿ ಹಿಮ ಬಿತ್ತು. ಬಸ್ಸು, ಟ್ರಾಮು ನಿಂತುಹೋದವು.

ಆ ಸಂಜೆ ನಾನೂ ನಮ್ಮವರೂ ಕಿತ್ತಳೆ ಹಿಡಿದುಕೊಂಡು ಹೋದಾಗ ಮಗ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದ. ಒಳಗೆ ಅವನೂ ಸೇರಿ ಒಂಬತ್ತು ಜನ. ಒಬ್ಬರು ಗಡಿಯಾರ ನೋಡಿದರು. ನಮ್ಮವರು ತಡೆಯಲಾರದೆ, "ನಾನು ನಿಂತ್ಕೊಂಡ್ರೆ ಆಗುತ್ತಾ?" ಎಂದು ಕೇಳಿದರು. ಮಗ ಆಗದೆಂದು ತಲೆಯಾಡಿಸಿದ. ನದಿಯಾಚೆ ಒಬ್ಬರು ವಯಸ್ಸಾದವರಿದ್ದಾರೆ, ಟ್ಯಾಕ್ಸಿ ಸಿಗುತ್ತಿಲ್ಲ ಎಂದ.

"ಅಡ್ರೆಸ್ ಕೊಡಿ, ನಾನು ಕಾರಲ್ಲಿ ಹೋಗಿ ಕರ್ಕೊಂಡು ಬರ್ತೀನಿ."

"ಈ ಹಿಮದಲ್ಲಾ? ರೋಡೇ ಕಾಣ್ತಿಲ್ವಲ್ರೀ" ಎಂದೆ.

"ಏನಾಗಲ್ಲ ಬಿಡು, ನಿಧಾನಕ್ಕೆ ಹೋಗ್ತೀನಿ."

ಅವರು ಹೋದ ಮೇಲೆ ನಾನು ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಒಬ್ಬ ಹಿರಿಯರು ಕೋಟು ಹಾಕಿಕೊಂಡು, ಮತ್ತೆ ತೆಗೆದರು. ಪ್ರತಿ ಕಾರಿನ ಸದ್ದಿಗೂ ಅಜ್ಜಿಯ ಹಿಡಿತ ಬಿಗಿಯಾಗುತ್ತಿತ್ತು... ಎಷ್ಟು ಹೊತ್ತಾಯಿತೋ, ಕೊನೆಗೆ ನಮ್ಮವರು ಒಬ್ಬ ವೃದ್ಧರನ್ನು ತೋಳಲ್ಲಿ ಆನಿಸಿಕೊಂಡು ಒಳಗೆ ಬಂದರು. ಪೈಜಾಮದ ಮೇಲೇ ಕೋಟು ಹಾಕಿಕೊಂಡಿದ್ದರು ಪಾಪ. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತಂತೆ: "ಎಷ್ಟು ಜನ ಇದ್ದಾರೆ?" ಒಂಬತ್ತು ಎಂದದ್ದಕ್ಕೆ "ಗ್ರ್ಯಾಂಡ್", ಅಂದರೆ ಇಲ್ಲಿನವರ ಮಾತಿನಲ್ಲಿ ಸರಿಹೋಯ್ತು, ಎಂದು ಕಣ್ಣು ಮುಚ್ಚಿಕೊಂಡರಂತೆ.

ಹತ್ತೂ ಜನ ಎದ್ದು ನಿಂತರು. ಮಗ ಮಂತ್ರ ಶುರುಮಾಡಿದ. ನಡುವೆ ಅವನ ದನಿ ಒಡೆಯಿತು. ಉಳಿದವರು "ಆಮೆನ್" ಎನ್ನುತ್ತಾ ಅವನನ್ನು ಮುಂದಕ್ಕೆ ಒಯ್ದರು. ನಮ್ಮವರು ಬಾಗಿಲ ಹೊರಗೆ ಒದ್ದೆ ಬೂಟಿನಲ್ಲಿ ಕೈಕಟ್ಟಿ ನಿಂತಿದ್ದರು.

ಎಲ್ಲ ಮುಗಿದ ಮೇಲೆ ಅಜ್ಜಿ ಅವರನ್ನು ಹತ್ತಿರ ಕರೆದರು. "ನಿನ್ನನ್ನ ಲೆಕ್ಕಕ್ಕೆ ಹಿಡಿಯೋಕೆ ಆಗಲಿಲ್ಲ ನೋಡು."

"ನಮ್ಮಲ್ಲೂ ಶ್ರಾದ್ಧಕ್ಕೆ ಯಾರು ಕೂರಬೇಕು ಅಂತ ನೇಮ ಇದೆ ಅಜ್ಜಿ. ನನಗೆ ಅರ್ಥ ಆಗುತ್ತೆ."

ಅಜ್ಜಿ ಆವರೆಗೆ ನನ್ನೆದುರು ಅತ್ತಿರಲಿಲ್ಲ. ಆಗ ಅತ್ತರು.

ಮರುವರ್ಷ ಮಗ ಅವರನ್ನು ಲಂಡನ್ನಿಗೆ ಕರೆದುಕೊಂಡು ಹೋದ. ನಾವೂ ಕೆಲಸದ ದೆಸೆಯಿಂದ ಅತ್ಲೋನಿಗೆ ಬಂದೆವು. ಆಗೊಮ್ಮೆ ಈಗೊಮ್ಮೆ ಫೋನು... ಆಮೇಲೆ ಅಜ್ಜಿಗೆ ನನ್ನ ಗುರುತು ಸಿಗದಾಯಿತು. ಆದರೂ ದನಿ ಕೇಳಿದರೆ "ಊಟ ಆಯ್ತಾ ಕಂದಾ" ಎನ್ನುವುದನ್ನು ಬಿಡಲಿಲ್ಲ.

ಹೋದ ವಾರ ಮಗ ಫೋನ್ ಮಾಡಿದ. ಅಜ್ಜಿ ಹೋಗಿಬಿಟ್ಟರಂತೆ, ಆಗಲೇ ಮಣ್ಣೂ ಆಗಿತ್ತು. ಫೋನಿಟ್ಟೆ. ನೆಂಟರಲ್ಲ, ನಮಗೆ ಸೂತಕವಿಲ್ಲ. ಆದರೂ ಮನಸ್ಸು ತಡೆಯಲಿಲ್ಲ. ಎದ್ದು ಹೋಗಿ ತಲೆಗೆ ಸ್ನಾನ ಮಾಡಿದೆ. ಬಚ್ಚಲ ಬಾಗಿಲು ತೆರೆದರೆ, ಹೊರಗೆ ನಮ್ಮವರು ಟವೆಲ್ಲು ಹೆಗಲಿಗೆ ಹಾಕಿಕೊಂಡು, ತಮ್ಮ ಸರದಿಗೆ ಕಾಯುತ್ತಾ ನಿಂತಿದ್ದರು.