ಸಲೈನಿನಲ್ಲಿ ಬಂದ ಗಂಟು

ಅಕ್ಕನ ಎದೆಯಿಂದ ತೆಗೆದ ಗಂಟು ಮೊದಲು ಬಂದದ್ದು ನನ್ನ ಕೈಗೇ. ನಾನು ಕೊಪ್ಪಳದ ಒಂದು ಲ್ಯಾಬಿನಲ್ಲಿ ಟೆಕ್ನೀಶಿಯನ್. ಅಕ್ಕ ಭಾಗ್ಯನಗರದ ವಿಗ್ಗಿನ ಕೂದಲು ಕಾರ್ಖಾನೆಯಲ್ಲಿ ಎಳೆ ವಿಂಗಡಿಸುವ ಕೆಲಸದವಳು. ಶನಿವಾರ ಗಂಗಾವತಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಸೋಮವಾರ ಭಾವ ಬಸ್ಸಿನಲ್ಲಿ ಡಬ್ಬಿ ತಂದು ನನ್ನ ಟೇಬಲ್ ಮೇಲಿಟ್ಟರು.

ಮುಚ್ಚಳ ತೆಗೆದೆ. ತುಂಡು ಕೆಡದಂತೆ ಹಾಕುವ ಫಾರ್ಮಲಿನ್ ಆಗಿದ್ದರೆ ಕಣ್ಣು ಉರಿಯಬೇಕಿತ್ತು. ಉರಿಯಲಿಲ್ಲ. ತುಂಡನ್ನು ಬರೀ ಸಲೈನಿನಲ್ಲಿ, ಅಂದರೆ ಉಪ್ಪುನೀರಿನಲ್ಲಿ, ಹಾಕಿಟ್ಟಿದ್ದರು. ಹಾಗೆ ಎರಡು ದಿನ ಇಟ್ಟರೆ ಅದು ಒಳಗೊಳಗೇ ಕೆಡುತ್ತದೆ.

"ಯಾಕ, ಏನರ ಆಗೇತೇನು?" ಭಾವ ಕೇಳಿದರು.

"ಏನಿಲ್ಲ ಬಿಡ್ರಿ" ಅಂದೆ.

ಫಾರ್ಮಲಿನ್ ಸುರಿದು ಹುಬ್ಬಳ್ಳಿಯ ದೊಡ್ಡ ಲ್ಯಾಬಿಗೆ ಕಳಿಸಿದೆ. ಜೊತೆಗಿನ ಚೀಟಿಯಲ್ಲಿ ಸಲೈನಿನ ವಿಷಯ ಬರೆಯಲಿಲ್ಲ. ಬರೆದರೆ ಸುಮ್ಮನೆ ತಡವಾಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ನಮ್ಮ ಲ್ಯಾಬಿಗೆ ದಿನಾ ಕೆಲಸ ಕೊಡುವ ಆಸ್ಪತ್ರೆ ಅದು. ಅವರ ತಪ್ಪನ್ನು ಕಾಗದದ ಮೇಲೆ ಹಿಡಿಯುವ ಧೈರ್ಯ ನನಗಿರಲಿಲ್ಲ.

ಕ್ಯಾನ್ಸರಿನ ಇಂಥ ಗಂಟಿನಲ್ಲಿ ಕೆಲವು ಪ್ರೋಟೀನ್ ಇವೆಯೋ ಇಲ್ಲವೋ ನೋಡುತ್ತಾರೆ. ರೋಗ ಮುಂದೆ ಹೇಗೆ ನಡೆದೀತು, ಯಾವ ಔಷಧಿ ನಾಟೀತು ಅನ್ನುವುದನ್ನು ಅವೇ ಹೇಳಬೇಕು. ಹಾರ್ಮೋನ್ ಹಿಡಿಯುವ ಪ್ರೋಟೀನ್ ಇದ್ದರೆ ದಿನಕ್ಕೊಂದು ಗುಳಿಗೆ ರೋಗ ಮರಳದಂತೆ ವರ್ಷಗಟ್ಟಲೆ ಕಾಯುತ್ತದೆ. ಅಕ್ಕನ ರಿಪೋರ್ಟಿನಲ್ಲಿ ಎಲ್ಲವೂ ನೆಗೆಟಿವ್, ಅಂದರೆ ಆ ಗುಳಿಗೆ ನಾಟುವುದಿಲ್ಲ.

"ನೆಗೆಟಿವ್ ಅಂದ್ರ ಛಲೋ ಆತಲ್ಲ!" ಭಾವ ಓಣಿಗೆಲ್ಲ ಪೇಡೆ ಹಂಚಿದರು. ನಾನೂ ಒಂದು ತಿಂದೆ.

ಕೀಮೋ ಆಯಿತು. ಗುಳಿಗೆ ಬರೆಯಲಿಲ್ಲ. ತಲೆ ಬೋಳಾದ ಅಕ್ಕ ಸೆರಗು ಹೊದ್ದು ಮತ್ತೆ ಕಾರ್ಖಾನೆಗೆ ಹೋದಳು, ಯಾರದೋ ಕೂದಲು ಬಿಡಿಸಲಿಕ್ಕೆ.

ಮೂರನೆಯ ವರ್ಷ ಸೊಂಟನೋವು ಶುರುವಾಯಿತು. ರೋಗ ಮೂಳೆಗೆ ಇಳಿದಿತ್ತು. ಹುಬ್ಬಳ್ಳಿಯಲ್ಲಿ ಹೊಸದಾಗಿ ತುಂಡು ತೆಗೆದು ನೋಡಿದರೆ ಹಾರ್ಮೋನ್ ಪ್ರೋಟೀನ್ ಪಾಸಿಟಿವ್. ಡಾಕ್ಟರ್ ಹಳೆಯ ಕಾಗದ ತಿರುವಿದರು.

"ಮೊದಲನೇ ಸ್ಯಾಂಪಲ್ ಸರಿ ಇಟ್ಟಿರ್ಲಿಲ್ಲ ಅನಸ್ತದ, ಕೆಟ್ಟ ತುಂಡಿನ್ಯಾಗ ಪ್ರೋಟೀನ್ ಇದ್ರೂ ಕಾಣೂದಿಲ್ಲ. ಒಮ್ಮೊಮ್ಮೆ ರೋಗನೂ ಬದಲಾಗ್ತದ. ಈಗ ಖಚಿತ ಹೇಳಾಕ ಬರೂದಿಲ್ಲ."

ರೋಗವೇ ಬದಲಾಗಿರಬಹುದು ಅನ್ನುವ ಮಾತಿಗೆ ಜೋತುಬಿದ್ದು ಹೊರಗೆ ಬಂದೆ. ಬಸ್ಸಿನಲ್ಲಿ ಭಾವ ಮುಂದಿನ ಸೀಟಿನಲ್ಲಿದ್ದರು. ಪಕ್ಕದಲ್ಲಿದ್ದ ಅಕ್ಕ ಮೆಲ್ಲಗೆ ಕೇಳಿದಳು, "ತುಂಡು ಸರಿ ಇಟ್ಟಿರ್ಲಿಲ್ಲ ಅನ್ನೂದು ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ, "ನಿಮ್ಮ ಭಾವಗ ಹೇಳಬ್ಯಾಡ. ಆ ಡಬ್ಬಿ ತೊಡಿ ಮ್ಯಾಲೆ ಇಟ್ಕೊಂಡು ತಂದಾರ ಅವ್ರು" ಅಂದಳು.

ಈಗ ಆ ಗುಳಿಗೆ ನುಂಗುತ್ತಾಳೆ. ಮೂಳೆಗೆ ಇಳಿದ ಮೇಲೆ ಅದು ವಾಸಿ ಮಾಡುವುದಿಲ್ಲ, ತಡೆಯುತ್ತದೆ ಅಷ್ಟೇ. ನಮ್ಮ ಮನೆಗೆ ಬರುತ್ತಾಳೆ, ಊಟ ಮಾಡುತ್ತಾಳೆ. ಹೇಗಿದ್ದೀ ಅಂದರೆ "ಛಲೋ ಅದೀನಿ" ಅನ್ನುತ್ತಾಳೆ. ಹೊಸ ರಿಪೋರ್ಟು ಬಂದಾಗ ಮಾತ್ರ ಅದನ್ನು ಓದಿಸಲು ಔಷಧಿ ಅಂಗಡಿಯವನ ಹತ್ತಿರ ಹೋಗುತ್ತಾಳೆ.